ಮೇವಿನ ಹಗೇವು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಈ ಶಾಲೆಯ ಹಿರಿಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಗೋಷ್ಠಿಯಲ್ಲಿ ಮಾತಾಡಬೇಕು ಎಂದು ಹೇಳಿದಾಗ, ಕಂಪ್ಯೂಟರ್ ಬಗ್ಗೆ ಹೇಳುತ್ತೀರಲ್ಲವೇ ಎಂದು ಮೇಷ್ಟ್ರು ಕೇಳಿದರು. ಅದನ್ನು ಹೇಳುವವರು ಇಂದು ಬಹಳ ಜನ ಇದ್ದಾರೆ. ನಾನು ಇನ್ನೊಂದು ವಿಷಯ ಆರಿಸಿಕೊಂಡಿದ್ದೇನೆ. ಈ ಶಾಲೆಯಲ್ಲಿ ಓದಿದ ನಮ್ಮಲ್ಲಿ ಬಹುಪಾಲು ಮಂದಿಯ ಪುಸ್ತಕ, ಬಟ್ಟೆ, ಬಸ್ ಪಾಸು ಎಲ್ಲವೂ ಬಂದದ್ದು ಡೈರಿಯ ಬಟವಾಡೆಯಿಂದ. ಆ ಬಟವಾಡೆ ಬೇಸಿಗೆಯಲ್ಲಿ ಅರ್ಧಕ್ಕಿಳಿಯದಂತೆ ನೋಡಿಕೊಳ್ಳುವ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಅದು ರಸಮೇವು. ಡೈರಿಯ ಹತ್ತಿರ ಎಲ್ಲರೂ ಸೈಲೇಜ್ ಎನ್ನುತ್ತಾರೆ.

ಮೊದಲು ನಮ್ಮ ಸೀಮೆಯ ಸ್ಥಿತಿ ನೋಡೋಣ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ಸೀಮೆ. ಹುಣಸೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರವೇ ಇದೆ. ಈಚೆಗೆ ಶುಂಠಿಯೂ ಬಹಳವಾಗಿದೆ. ಇವೆರಡೂ ಕೈಗೆ ಹಣ ಕೊಡುವ ಬೆಳೆಗಳು, ನಾನು ಅಲ್ಲಗಳೆಯುವುದಿಲ್ಲ. ಆದರೆ ಇವೆರಡೂ ಕೊಟ್ಟಿಗೆಗೆ ಒಂದು ಹಿಡಿ ಮೇವು ಕೊಡುವುದಿಲ್ಲ. ರಾಗಿ ಬೆಳೆದ ಹೊಲ ಮನೆಗೆ ಕಾಳು ಕೊಟ್ಟು ಮೆದೆಗೆ ಹುಲ್ಲು ಕೊಡುತ್ತಿತ್ತು. ಹೊಗೆಸೊಪ್ಪಿನ ಹೊಲದಲ್ಲಿ ಕಡೆಗೆ ಉಳಿಯುವುದು ಒಣಗಿದ ಕಡ್ಡಿ, ಅದನ್ನು ದನ ಮೂಸಿಯೂ ನೋಡುವುದಿಲ್ಲ. ಕೆ.ಆರ್. ನಗರದ ಕಡೆ ನಾಲೆಯ ನೀರಿದೆ, ಭತ್ತದ ಹುಲ್ಲಿದೆ. ಆದರೆ ಒಣಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಹಾಲು ಹೆಚ್ಚಿಸುವುದಿಲ್ಲ. ಇನ್ನು ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಊರುಗಳು. ನಾಗರಹೊಳೆಯ ಅಂಚಿನಲ್ಲಿ ದನ ಬಿಟ್ಟು ಮೇಯಿಸುತ್ತಿದ್ದ ಕಾಲ ಮುಗಿಯಿತು. ಈಗ ಅಲ್ಲಿಗೆ ದನ ಹೊಡೆದುಕೊಂಡು ಹೋಗುವುದೆಂದರೆ ಹುಲಿಯ ಬಾಯಿಗೆ ಹೋದಂತೆ, ಕಾಯುವವನ ಜೀವಕ್ಕೂ ಅಪಾಯ. ಹಸು ಹೆಚ್ಚಾದವು, ಮೇವಿನ ನೆಲ ಕಡಿಮೆಯಾಯಿತು. ಇದು ನಾಲ್ಕೂ ತಾಲ್ಲೂಕುಗಳ ಕಥೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ನಮ್ಮ ಜಿಲ್ಲೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬರದ ನಿಜವಾದ ಪೆಟ್ಟು ಕೊಟ್ಟಿಗೆಗೆ ಬಿದ್ದದ್ದು ಮುಂದಿನ ವರ್ಷದ ಶಿವರಾತ್ರಿಯ ನಂತರ. ನಮ್ಮ ಬೀದಿಯ ಒಬ್ಬ ಅಕ್ಕ ಆಗ ಎರಡು ಹಸುಗಳಲ್ಲಿ ಒಂದನ್ನು ಮಾರಿದರು. ಒಳ್ಳೆಯ ಹಸು, ಮೂರನೇ ಸೂಲು. ಮೇವಿಲ್ಲದೆ ಎಲ್ಲರೂ ಮಾರುವ ಕಾಲದಲ್ಲಿ ಕೊಳ್ಳುವವನು ಕೇಳಿದ್ದೇ ಬೆಲೆ. ಮಳೆ ಬಂದು ಬದುವಿನಲ್ಲಿ ಹುಲ್ಲು ಚಿಗುರಿದಾಗ ಅಂಥದೇ ಹಸು ಕೊಳ್ಳಲು ಹೋದರೆ ಬೆಲೆ ಅವರ ಕೈಗೆ ಎಟುಕಲಿಲ್ಲ. ಆ ವರ್ಷ ಅವರ ಮಗಳ ಕಾಲೇಜಿನ ಶುಲ್ಕಕ್ಕೆ ಕೈಸಾಲವಾಯಿತು. ಬೇಸಿಗೆಯಲ್ಲಿ ಅಗ್ಗಕ್ಕೆ ಮಾರಿ ಮಳೆಗಾಲದಲ್ಲಿ ದುಬಾರಿಗೆ ಕೊಳ್ಳುವುದು ಬಡವರ ಮನೆಯನ್ನು ಮತ್ತೆ ಮತ್ತೆ ಹಿಡಿಯುವ ಸುಳಿ. ನೂರು ದಿನದ ಮೇವು ಕೈಯಲ್ಲಿದ್ದರೆ ಆ ಸುಳಿಯಿಂದ ಹೊರಗಿರಬಹುದು.

ಹಸಿಮೇವನ್ನು ನೂರು ದಿನ ಇಡುವುದು ಹೇಗೆ? ಇದನ್ನು ಮೊದಲ ಸಲ ಕೇಳಿದಾಗ ನಮ್ಮೂರಿನ ಹಿರಿಯರೊಬ್ಬರು ಹೇಳಿದ್ದು ಇಷ್ಟು: "ಹಸಿ ಮೇವ್ನ ಮಣ್ಣಲ್ ಮುಚ್ಚುದ್ರೆ ಕೊಳ್ತೋಯ್ತದೆ ಕಣ್ ಮಗ." ಅವರಿಗೆ ನಾನು ಹಗೇವಿನ ನೆನಪು ಮಾಡಿದೆ. ಇಲ್ಲಿ ಕುಳಿತಿರುವ ಅಜ್ಜಂದಿರಿಗೆ ಹಗೇವು ಗೊತ್ತು, ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ ಗುಂಡಿ ತೆಗೆದು, ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕಾರಣ ಒಳಗೆ ಗಾಳಿ ಇರುತ್ತಿರಲಿಲ್ಲ. ಇದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಕಾಳೇ ಉಸಿರಾಡಿ ಮುಗಿಸುತ್ತಿತ್ತು, ಆಮೇಲೆ ಹುಳುವೂ ಬದುಕದು, ಬೂಸ್ಟೂ ಬೆಳೆಯದು. ಅದಕ್ಕೇ ಹಗೇವು ತೆರೆದ ಮೇಲೆ ಹಿರಿಯರು ತಕ್ಷಣ ಇಳಿಯುತ್ತಿರಲಿಲ್ಲ. ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ರಸಮೇವಿನ ಗುಂಡಿ ಅಂದರೆ ಮೇವಿನ ಹಗೇವು. ಗುಟ್ಟು ಒಂದೇ: ಗಾಳಿಯನ್ನು ಹೊರಗಿಡುವುದು.

ಹಸಿಮೇವಿನಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಅದು ನಿಮ್ಮ ಮನೆಯ ದೋಸೆ ಹಿಟ್ಟಿನಲ್ಲಿ, ಹೆಪ್ಪು ಹಾಕಿದ ಹಾಲಿನಲ್ಲಿ ದಿನವೂ ನಡೆಯುವ ಕೆಲಸವೇ. ಕೊಯ್ದ ಜೋಳದ ಗರಿ ಸತ್ತಿರುವುದಿಲ್ಲ, ಇನ್ನೂ ಉಸಿರಾಡುತ್ತಿರುತ್ತದೆ. ಗಾಳಿ ಇರುವಷ್ಟು ಹೊತ್ತೂ ತನ್ನ ಸಕ್ಕರೆಯನ್ನು ತಾನೇ ಸುಟ್ಟುಕೊಂಡು ಬಿಸಿಯಾಗುತ್ತದೆ. ಗಾಳಿ ತೀರಿದ ಮೇಲೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಕೊಳೆಸುವ ಜೀವಿಗಳಿಗೆ ಕೆಲಸವಿಲ್ಲ. ಗುಂಡಿ ಮುಚ್ಚಿರುವವರೆಗೆ ಮೇವು ಇದ್ದಂತೆಯೇ ಇರುತ್ತದೆ. ಇದು ಸಣ್ಣ ವಿಜ್ಞಾನವಲ್ಲ. ಫ್ರಾನ್ಸಿನ ಆಗಸ್ಟ್ ಗೊಫಾರ್ ಎಂಬ ಕೃಷಿಕ ಜೋಳದ ರಸಮೇವಿನ ಬಗ್ಗೆ 1877ರಲ್ಲೇ ಪುಸ್ತಕ ಬರೆದ. ಫಿನ್ಲೆಂಡಿನ ರಸಾಯನ ವಿಜ್ಞಾನಿ ಆರ್ತುರಿ ವಿರ್ಟಾನೆನ್ ಹಸಿಮೇವಿಗೆ ಆಮ್ಲ ಬೆರೆಸಿ ಕಾಪಾಡುವ ವಿಧಾನ ಕಂಡುಹಿಡಿದ. 1945ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವನಿಗೆ ಬರಲು ಈ ಕೆಲಸ ಮುಖ್ಯ ಕಾರಣ. ದನದ ಮೇವಿಗೆ ನೊಬೆಲ್ ಬಂದಿದೆ ಎಂದು ಮಕ್ಕಳು ನೆನಪಿಟ್ಟುಕೊಳ್ಳಿ.

ಈಗ ಕಾಲದ ವಿಚಾರ. ಮುಸುಕಿನ ಜೋಳ ಮಳೆಗಾಲದಲ್ಲೂ ಬರುತ್ತದೆ, ಬೈಲಕುಪ್ಪೆ ಸುತ್ತಮುತ್ತ ಕಣ್ಣು ಹಾಯಿಸಿದಷ್ಟು ದೂರ ಬೆಳೆಯುತ್ತಾರೆ. ಆದರೆ ಆ ಜೋಳ ಮೇವಿಗೆ ಹದವಾಗುವ ಹೊತ್ತಿಗೆ ನಮ್ಮ ಮನೆಮಂದಿಯೆಲ್ಲ ಹೊಗೆಸೊಪ್ಪಿನ ಬ್ಯಾರನ್ನಿನ ಹತ್ತಿರ ಇರುತ್ತಾರೆ. ಸೊಪ್ಪು ಮುರಿಯುವುದು, ಕಟ್ಟುವುದು, ರಾತ್ರಿಯೆಲ್ಲ ಬೆಂಕಿ ಕಾಯುವುದು. ಜೊತೆಗೆ ಮಳೆ. ನೆಂದ ಮೇವು ಗುಂಡಿಗೆ ಹೋದರೆ ರಸ ಸೋರಿ ನಾರುತ್ತದೆ. ಅದಕ್ಕೇ ನಮ್ಮ ಸೀಮೆಗೆ ವಸಂತವೇ ಸರಿಯಾದ ಕಾಲ. ಕೊಳವೆಬಾವಿಯೋ ನಾಲೆಯ ನೀರೋ ಇರುವವರು ಧನುರ್ಮಾಸದಲ್ಲಿ ಬಿತ್ತಿದರೆ ಯುಗಾದಿಯ ಆಸುಪಾಸಿನಲ್ಲಿ ಕೊಯ್ಲು. ಆಗ ಬಿಸಿಲಿದೆ, ಆಳು ಸಿಗುತ್ತಾರೆ, ಹೊಗೆಸೊಪ್ಪಿನ ನಾಟಿಗೆ ಇನ್ನೂ ದಿನ ಇದೆ. ಅಶ್ವಿನಿ, ಭರಣಿ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯುತ್ತದೆ. ಸರಿಯಾಗಿ ಮುಚ್ಚಿದ ಗುಂಡಿ ವರ್ಷ ಇರುತ್ತದೆ. ನಾಟಿಯ ಗಡಿಬಿಡಿಯಲ್ಲಿ ಬೇಕಾದರೆ ಆಗಲೇ ತೆರೆಯಬಹುದು, ಮುಂಗಾರು ಚೆನ್ನಾಗಿದ್ದರೆ ಮುಂದಿನ ಶಿವರಾತ್ರಿಯವರೆಗೆ ಹಾಗೇ ಬಿಡಬಹುದು. ನೀರಿಲ್ಲದವರು ನೀರಿರುವ ನೆರೆಯವರಿಂದ ನಿಂತ ಬೆಳೆಯನ್ನೇ ಕೊಳ್ಳಬಹುದು, ಗೊಬ್ಬರ ಕೊಟ್ಟು ಮೇವು ತಗೊಳ್ಳಬಹುದು. ಹಾಗೆ ಮಾಡುವ ಮನೆಗಳು ಈಗಾಗಲೇ ಇವೆ.

ಎಷ್ಟು ಬೇಕು ಎಂಬುದಕ್ಕೆ ಒಂಬತ್ತನೇ ತರಗತಿಯ ಗಣಿತ ಸಾಕು. ಮೂರು ಹಸು, ದಿನಕ್ಕೆ ತಲಾ 20 ಕೆಜಿ, ನೂರು ದಿನ. ಒಟ್ಟು 6 ಟನ್. ಗುಂಡಿಯಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಅದಕ್ಕೆ 7 ಟನ್ ಎಂದಿಟ್ಟುಕೊಳ್ಳಿ. ಆಫ್ರಿಕನ್ ಟಾಲ್ ಎಂಬ ಮೇವಿನ ಜೋಳ ನೀರು, ಗೊಬ್ಬರ ಸರಿಯಾಗಿದ್ದರೆ ಎಕರೆಗೆ 15 ಟನ್ ಸುಲಭವಾಗಿ ಕೊಡುತ್ತದೆ. ಅಂದರೆ 20 ಗುಂಟೆ ಸಾಕು. ಕಾಲಿನಲ್ಲಿ ಚೆನ್ನಾಗಿ ತುಳಿದ ಮೇವು ಘನ ಅಡಿಗೆ ಸುಮಾರು 15 ಕೆಜಿ ಹಿಡಿಯುತ್ತದೆ. 7,000 ಕೆಜಿಗೆ ಸುಮಾರು 470 ಘನ ಅಡಿ ಜಾಗ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. 6 ಅಡಿ ಅಗಲ, 5 ಅಡಿ ಆಳ, 16 ಅಡಿ ಉದ್ದದ ಗುಂಡಿ ತೆಗೆದರೂ 480 ಘನ ಅಡಿ. 4 ಅಡಿ ಅಗಲ, 4 ಅಡಿ ಆಳ, 30 ಅಡಿ ಉದ್ದ ತೆಗೆದರೂ 480 ಘನ ಅಡಿ. ಎರಡೂ ಒಂದೇ ಅಲ್ಲವೇ? ಅಲ್ಲ. ಗುಂಡಿ ತೆರೆದ ಮೇಲೆ ಮೇವಿನ ಮುಖ ಗಾಳಿಗೆ ಒಡ್ಡಿರುತ್ತದೆ. ದಿನಕ್ಕೆ 60 ಕೆಜಿ ಎಂದರೆ 4 ಘನ ಅಡಿ. ಮೊದಲ ಗುಂಡಿಯ ಮುಖ 30 ಚದರ ಅಡಿ, ದಿನಕ್ಕೆ ಒಂದೂವರೆ ಅಂಗುಲದಷ್ಟು ಮಾತ್ರ ಹಿಂದೆ ಸರಿಯುತ್ತದೆ. ನಮ್ಮ ಬೇಸಿಗೆಯ ಬಿಸಿಗೆ ಅಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ. ಎರಡನೆಯ ಗುಂಡಿಯ ಮುಖ 16 ಚದರ ಅಡಿ, ದಿನಕ್ಕೆ ಮೂರು ಅಂಗುಲ ಸರಿಯುತ್ತದೆ, ನಿತ್ಯ ಹೊಸ ಮುಖ ಸಿಗುತ್ತದೆ. ಆದ್ದರಿಂದ ಸಣ್ಣ ಹಿಡುವಳಿಗೆ ಅಗಲ ಕಡಿಮೆ, ಉದ್ದ ಹೆಚ್ಚು. ಅದನ್ನೂ 15 ಅಡಿಯ ಎರಡು ಗುಂಡಿ ಮಾಡಿದರೆ ಒಂದು ತೆರೆದಿರುವಾಗ ಇನ್ನೊಂದು ಮುಚ್ಚಿಯೇ ಇರುತ್ತದೆ. ಒಂದೇ ಹಸು ಇರುವವರಿಗೆ ಗುಂಡಿಯೂ ಬೇಡ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೂರು ಕೆಜಿ ಮೇವು ಹಿಡಿಯುತ್ತದೆ. ರಸಮೇವಿಗೆಂದೇ ದಪ್ಪ ಚೀಲಗಳೂ ಬರುತ್ತವೆ.

ಹದ ನೋಡುವುದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾದ್ದಿಲ್ಲ, ಮುದ್ದೆಯ ಹದ ಬಲ್ಲವರು ಅವರು. ಜೋಳದ ತೆನೆ ಮುರಿದು ಕಾಳು ನೋಡಿ. ಮೇಲಿನ ಅರ್ಧ ಗಟ್ಟಿಯಾಗಿ ಹಳದಿಗೆ ತಿರುಗಿ, ಕೆಳಗಿನ ಅರ್ಧದಲ್ಲಿ ಇನ್ನೂ ಹಾಲಿದ್ದರೆ ಕೊಯ್ಯುವ ದಿನ ಬಂತು. ಬಿತ್ತಿದ 80ರಿಂದ 90 ದಿನಕ್ಕೆ ಈ ಹದ ಬರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದು ಬಿಡಿ. ಉಂಡೆ ಹಾಗೇ ನಿಂತು ಬೆರಳ ಸಂದಿಯಲ್ಲಿ ರಸ ಇಳಿದರೆ ನೀರು ಹೆಚ್ಚು, ಇನ್ನೂ ಕಾಯಬೇಕು. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು ಕೈ ಬರೀ ತೇವವಾಗಿದ್ದರೆ ಸರಿಯಾದ ಹದ. ತಟ್ಟನೆ ಉದುರಿಹೋದರೆ ಒಣಗಿದೆ, ಎಷ್ಟು ತುಳಿದರೂ ಗಾಳಿ ಹೋಗುವುದಿಲ್ಲ. ಜೋಳದಲ್ಲಿ ಸಕ್ಕರೆ ಸಾಕಷ್ಟಿರುವುದರಿಂದ ಬೇರೇನೂ ಬೆರೆಸಬೇಕಾಗಿಲ್ಲ. ನೇಪಿಯರ್ ಹುಲ್ಲಿನಲ್ಲಿ ಸಕ್ಕರೆ ಕಡಿಮೆ. ಅದನ್ನು ಕೊಯ್ದು ಅರ್ಧ ದಿನ ಬಾಡಿಸಿ, ಬೆಲ್ಲದ ನೀರು ಚಿಮುಕಿಸಿ ತುಂಬಬೇಕು. ಸೈನಿಕ ಹುಳುವಿಗೆ ಔಷಧಿ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಳೆಯದೆ ಕೊಯ್ಯಬಾರದು.

ಗುಂಡಿ ಎತ್ತರದ ಜಾಗದಲ್ಲಿರಲಿ, ಒಸರು ನೀರು ಬಾರದಿರಲಿ. ಒಳಗೆ ದಪ್ಪ ಪ್ಲಾಸ್ಟಿಕ್ ಶೀಟು ಹಾಸಿ. ಮೇವನ್ನು ಅರ್ಧ ಅಂಗುಲದಿಂದ ಒಂದು ಅಂಗುಲಕ್ಕೆ ಕತ್ತರಿಸಿ. ಉದ್ದ ಬಿಟ್ಟರೆ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ. ಅರ್ಧ ಅಡಿ ತುಂಬುವುದು, ತುಳಿಯುವುದು, ಮತ್ತೆ ಅರ್ಧ ಅಡಿ, ಮತ್ತೆ ತುಳಿಯುವುದು. ಮೂಲೆಗಳನ್ನು ಮರೆಯಬೇಡಿ, ಕೆಡುವುದು ಅಲ್ಲಿಂದಲೇ. ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಗುಡ್ಡೆಯಾಗಿ ತುಂಬಿ, ಶೀಟು ಮುಚ್ಚಿ, ಮೇಲೆ ಅರ್ಧ ಅಡಿ ಮಣ್ಣು ಹಾಕಿ. ಸುತ್ತ ಕಾಲುವೆ ತೆಗೆದು ಮಳೆನೀರು ಆಚೆ ಹೋಗುವಂತೆ ಮಾಡಿ. ಹೆಗ್ಗಣ ತೂತು ಮಾಡಿತೇ ಎಂದು ವಾರಕ್ಕೊಮ್ಮೆ ಸುತ್ತಿ ನೋಡಿ, ಮಾಡಿದ್ದರೆ ಅಂದೇ ಮುಚ್ಚಿ. 45 ದಿನ ಮುಟ್ಟಬೇಡಿ.

ಎರಡು ಎಚ್ಚರಿಕೆ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಕ್ಕಳು ಬೇಡ. ಮೇವು ಒಡ್ಡುವವರು ಬಳೆ, ಸಡಿಲ ತೋಳಿನ ಅಂಗಿ ಹಾಕಿರಬಾರದು, ಟವೆಲ್ ಹೆಗಲ ಮೇಲಿರಬಾರದು. ಇನ್ನೊಂದು, ಆಳದ ಗುಂಡಿ ತೆರೆದ ಕೂಡಲೇ ಒಳಗೆ ಬಗ್ಗಬೇಡಿ, ಇಳಿಯಬೇಡಿ. ಹಗೇವಿಗೆ ಹಿರಿಯರು ತೋರುತ್ತಿದ್ದ ಭಯಭಕ್ತಿ ಇಲ್ಲಿಯೂ ಇರಲಿ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇನ್ನು ಮುಂದಿದೆ. ಈ ವಿಧಾನ ಗೊತ್ತಿರುವವರು ನಮ್ಮೂರಲ್ಲಿ ಹಲವರಿದ್ದಾರೆ. ಪಶುವೈದ್ಯರು ಹೇಳಿದ್ದಾರೆ, ಹಾಲು ಒಕ್ಕೂಟದವರು ಹೇಳಿದ್ದಾರೆ, ಮೊಬೈಲಿನಲ್ಲಿ ವಿಡಿಯೋಗಳಿವೆ. ಆದರೂ ಎರಡು ಮೂರು ಹಸುವಿನ ಮನೆಗಳು ಮಾಡುತ್ತಿಲ್ಲ. ಯಾಕೆ? ಗುಂಡಿಯನ್ನು ಒಂದೇ ದಿನದಲ್ಲಿ ತುಂಬಿ ಮುಚ್ಚಬೇಕು. ಇವತ್ತು ಅರ್ಧ, ನಾಳಿದ್ದು ಅರ್ಧ ಎಂದರೆ ಗಾಳಿ ಗೆದ್ದಂತೆ. ಎರಡು ಮೂರು ಎಚ್‌ಪಿ ಯಂತ್ರ ಗಂಟೆಗೆ ನಾಲ್ಕೈದು ನೂರು ಕೆಜಿ ಕತ್ತರಿಸುತ್ತದೆ. 15 ಅಡಿಯ ಒಂದು ಗುಂಡಿಗೆ ಮೂರೂವರೆ ಟನ್. ಬೆಳಗಿನಿಂದ ಸಂಜೆಯವರೆಗೆ ಕೊಯ್ಯುವವರು, ಹೊರುವವರು, ಯಂತ್ರಕ್ಕೆ ಒಡ್ಡುವವರು, ತುಳಿಯುವವರು ಎಂದು ಎಂಟು ಹತ್ತು ಜನ ಬೇಕು. ಗಂಡ, ಹೆಂಡತಿ, ವಯಸ್ಸಾದ ಅತ್ತೆ ಇರುವ ಮನೆಯಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಕೂಲಿ ಕೊಟ್ಟು ಮಾಡಿಸಿದರೆ ಲೆಕ್ಕ ಕೂಡುವುದಿಲ್ಲ.

ಇದಕ್ಕೂ ನಮ್ಮಲ್ಲಿ ಹಳೆಯ ಉತ್ತರ ಇದೆ, ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ನಾಟಿಗೆ, ಕೊಯ್ಲಿಗೆ, ಒಕ್ಕಣೆಗೆ ನಮ್ಮ ಅಜ್ಜಂದಿರು ಹೀಗೇ ಮಾಡುತ್ತಿದ್ದರು. ನಮ್ಮ ಮನೆ ಸೇರಿ ನಾಲ್ಕು ಮನೆಯವರು ಕಳೆದ ಎರಡು ವಸಂತಗಳಿಂದ ಮೇವಿಗೆ ಇದನ್ನು ಮಾಡುತ್ತಿದ್ದೇವೆ. ಯಂತ್ರ ನಾಲ್ಕು ಮನೆಯದು. ಬಿತ್ತನೆಯನ್ನು ಒಂದೊಂದು ಮನೆ ನಾಲ್ಕೈದು ದಿನ ಹಿಂದುಮುಂದು ಮಾಡುತ್ತದೆ, ಆಗ ಕೊಯ್ಲಿನ ಹದವೂ ಸರದಿಯಲ್ಲಿ ಬರುತ್ತದೆ. ಯಾರ ಗುಂಡಿಯೋ ಅವರ ಮನೆಯಲ್ಲಿ ಅಂದು ಎಲ್ಲರಿಗೂ ಊಟ. ನಾನು ಆ ವಾರ ರಜೆ ಹಾಕಿ ಬರುತ್ತೇನೆ. ತುಳಿಯುವುದು ನನ್ನ ಪಾಲಿನ ಕೆಲಸ. ಆಗಲೇ ಹೇಳಿದ ಅಕ್ಕನ ಮನೆಯೂ ಆ ನಾಲ್ಕರಲ್ಲಿ ಒಂದು. ಅವರಿಗೆ ಕೊಳವೆಬಾವಿ ಇಲ್ಲ. ಮೇವು ಪಕ್ಕದವರದು, ಗೊಬ್ಬರ ಮತ್ತು ದುಡಿಮೆ ಅವರದು. ಕಳೆದ ಬೇಸಿಗೆಯಲ್ಲಿ ಅವರು ಹಸು ಮಾರಲಿಲ್ಲ.

ತೆರೆದ ಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಒಳ್ಳೆಯ ರಸಮೇವು ಹಳದಿ ಮಿಶ್ರಿತ ಹಸಿರು ಬಣ್ಣಕ್ಕಿರುತ್ತದೆ, ಹುಳಿಸಿಹಿ ವಾಸನೆ ಬರುತ್ತದೆ. ಕಪ್ಪಾದದ್ದು, ಬಿಳಿ ಬೂಸ್ಟು ಹಿಡಿದದ್ದು, ಕೊಳೆತು ನಾರುವುದು ತಿಪ್ಪೆಗೆ ಹೋಗಬೇಕು, ಹಸುವಿನ ಮುಂದಕ್ಕಲ್ಲ. ಮೊದಲ ದಿನ ಐದು ಕೆಜಿ ಕೊಟ್ಟು, ವಾರದಲ್ಲಿ 15–20 ಕೆಜಿಗೆ ಏರಿಸಿ. ಹಾಲು ಕರೆದಾದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಹಾಲಿಗೆ ವಾಸನೆ ಅಂಟುತ್ತದೆ. ಇದೊಂದೇ ಸಾಲದು. ಒಣಹುಲ್ಲು, ಅಲಸಂದೆಯಂಥ ದ್ವಿದಳ ಮೇವು, ಖನಿಜ ಮಿಶ್ರಣ ಜೊತೆಗಿರಬೇಕು, ಏಕೆಂದರೆ ಜೋಳದಲ್ಲಿ ಶಕ್ತಿ ಹೆಚ್ಚು, ಪ್ರೋಟೀನ್ ಕಡಿಮೆ. ಬರೀ ಒಣಹುಲ್ಲು ತಿಂದ ಹಸುವಿನ ಹಾಲು ಡೈರಿಯಲ್ಲಿ ಎಸ್‌ಎನ್‌ಎಫ್ 8.5 ಮುಟ್ಟದೆ ದರ ಕಡಿತವಾಗುವುದು ನಿಮಗೆಲ್ಲ ಗೊತ್ತು. ಹೊಟ್ಟೆಗೆ ಸರಿಯಾಗಿ ಬಿದ್ದರೆ ಆ ಅಂಕಿಯೂ ಏರುತ್ತದೆ.

ಕಡೆಯದಾಗಿ ಶಾಲೆಗೆ ಒಂದು ಬೇಡಿಕೆ. ವಿಜ್ಞಾನ ಮೇಷ್ಟ್ರು ಒಪ್ಪಿದರೆ ಬರುವ ವಸಂತದಲ್ಲಿ ಮಕ್ಕಳು ಇದನ್ನು ಬಾಟಲಿಯಲ್ಲಿ ಮಾಡಿ ನೋಡಲಿ. ಎರಡು ಪ್ಲಾಸ್ಟಿಕ್ ಬಾಟಲಿ ಸಾಕು. ಒಂದಕ್ಕೆ ಸಣ್ಣಗೆ ಕತ್ತರಿಸಿದ ಜೋಳದ ಮೇವನ್ನು ಕೋಲಿನಿಂದ ಅದುಮಿ ಕತ್ತಿನವರೆಗೆ ತುಂಬಿ ಮುಚ್ಚಳ ಹಾಕಿ. ಮೊದಲ ಕೆಲವು ದಿನ ಅನಿಲ ಸೇರುತ್ತದೆ, ಮುಚ್ಚಳವನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಬಿಗಿ ಮಾಡಿ. ಇನ್ನೊಂದಕ್ಕೆ ಅದೇ ಮೇವನ್ನು ಸಡಿಲವಾಗಿ ತುಂಬಿ ಬಾಯಿ ತೆರೆದಿಡಿ. 45 ದಿನದ ಮೇಲೆ ಎರಡನ್ನೂ ನೋಡಿ, ಮೂಸಿ, ಪಿಎಚ್ ಕಾಗದ ಅದ್ದಿ, ಫಲಿತಾಂಶವನ್ನು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿ. ಭಾಷಣ ಕೇಳಿ ನಂಬದವರು ಮಗಳು ತಂದ ಬಾಟಲಿ ನೋಡಿ ನಂಬುತ್ತಾರೆ. ಬೇಕಾದ ಸಾಮಾನು ನನ್ನ ಬ್ಯಾಚಿನವರು ಕೊಡುತ್ತೇವೆ. ಯುಗಾದಿಯ ವಾರ ಯಾವುದಾದರೂ ಮನೆಯ ಗುಂಡಿಗೆ ತುಳಿಯಲು ಕಾಲು ಬೇಕಾದರೆ ಹೇಳಿ ಕಳಿಸಿ, ಊರಲ್ಲೇ ಇರುತ್ತೇನೆ.